ತಟ್ಟೆಗಳನ್ನು ಕೂಡಿಸಿ ಹಂಚಿದ ದೊರೆ
ಶ್ರೀ ಜಯಚಾಮರಾಜೇಂದ್ರ ಒಡೆಯರವರ ಚರಿತ್ರೆ

ಬೇಗೂರಿನ ನಾಗೇಶ್ವರ ದೇವಸ್ಥಾನದ ಬಳಿಯಲ್ಲಿ ಸುಮಾರು 890ನೆಯ ಇಸವಿಯದೆಂದು ಎಣಿಸಲ್ಪಡುವ ಒಂದು ಶಿಲಾಶಾಸನವುಂಟು. ಬೆಂಗಳೂರು ಎಂಬ ಹೆಸರು ಅದರಲ್ಲಿ ಕೆತ್ತಲ್ಪಟ್ಟಿದೆ. ಆ ಕಲ್ಲು ಮಾತನ್ನು ಸಾವಿರ ವರುಷಕ್ಕೂ ಮೇಲ್ಪಟ್ಟು ಕಾದಿಟ್ಟಿತು. ಆದರೆ ಆ ಕಾಲದವರ ಸ್ವರವನ್ನು ಕಾದಿಡುವ ಶಕ್ತಿ ಅದಕ್ಕಿರಲಿಲ್ಲ. ಸ್ವರವನ್ನು ಕಾದಿಡುವ ಉಪಾಯವು 19ನೆಯ ಶತಮಾನದ ಕಡೆಯಲ್ಲಿ ಮನುಷ್ಯರಿಗೆ ದೊರೆಯಿತು. ಕ್ರಿಸ್ಮಸ್ ಹಬ್ಬದಲ್ಲಿ ಹಳೆಯ ಗ್ರಾಮಫೋನು ತಟ್ಟೆಯೊಂದನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಒರಸಿ, ಯಂತ್ರಕ್ಕೆ ಕೀಲಿ ಕೊಟ್ಟು, ಎಂದೋ ತೀರಿಹೋದವರ ಕಂಠದಿಂದ ಹಬ್ಬದ ಗೀತವನ್ನು ಕೇಳಿದವರು ಇದರ ಬೆಲೆಯನ್ನು ಬಲ್ಲರು. ಇಂಥ ತಟ್ಟೆಗಳನ್ನು ಸಾವಿರಗಟ್ಟಲೆ ಕೂಡಿಸಿ, ಅಷ್ಟರಲ್ಲಿಯೇ ತೃಪ್ತರಾಗದೆ ಪರರಿಗೂ ಉಪಕಾರವಾಗುವಂತೆ ಮಾಡಿದ ಒಬ್ಬ ದೊರೆಯ ಚರಿತ್ರೆಯನ್ನು ಈ ಹಬ್ಬದ ತಿಂಗಳಲ್ಲಿ ಹೇಳುವೆವು. ಬೇಗೂರೂ ಅವರ ರಾಜ್ಯಕ್ಕೆ ಸೇರಿದ ಊರಾಗಿತ್ತು.

ಶ್ರೀ ಜಯಚಾಮರಾಜೇಂದ್ರ ಒಡೆಯರವರು 1919ನೆಯ ಇಸವಿ ಜುಲೈ 18ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರ ಒಬ್ಬನೇ ಮಗನಾಗಿ ಹುಟ್ಟಿದರು. 1938ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದವಿಯನ್ನು ಪಡೆದರು. ಪಿಯಾನೋ ಎಂಬ ಪಾಶ್ಚಾತ್ಯ ವಾದ್ಯದ ಮೇಲೆ ಅವರಿಗೆ ಬಹು ಪ್ರೀತಿ. ಅದನ್ನು ಸಭೆಗಳಲ್ಲಿ ನುಡಿಸುವ ವಿದ್ವಾಂಸನಾಗಬೇಕೆಂಬುದು ಅವರ ಯೌವನದ ಆಶೆಯಾಗಿತ್ತು. ಆದರೆ 1940ನೆಯ ಇಸವಿ ಮಾರ್ಚಿಯಲ್ಲಿ ತಂದೆಯವರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರಾದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರೂ ಗತಿಸಿದರು. ಹೀಗೆ ಒಂದೇ ವರುಷದಲ್ಲಿ ಎರಡು ಮರಣಗಳ ದುಃಖವನ್ನು ಹೊತ್ತು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವನ್ನು ಏರಬೇಕಾಯಿತು. ಪಿಯಾನೋ ವಿದ್ವಾಂಸನಾಗುವ ಆಶೆಯು ಅಲ್ಲಿಗೆ ಮುಗಿಯಿತು.

ತಾನು ಬಯಸಿದ್ದು ತನಗೆ ದೊರೆಯದೆ ಹೋದಾಗ ಮನಸ್ಸು ಕಹಿಯಾಗುವುದು ಲೋಕದ ಸ್ವಭಾವ. ಈ ಅರಸರಾದರೋ ಸಂಗೀತವನ್ನು ಬಿಡಲಿಲ್ಲ. ಲಂಡನ್ ಪಟ್ಟಣದ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ಕರ್ನಾಟಕ ಸಂಗೀತದಲ್ಲಿಯೂ ಅವರು 94 ಕೃತಿಗಳನ್ನು ರಚಿಸಿದರು. ಅರಮನೆಯಲ್ಲಿ ಅವರು ಕೂಡಿಸಿದ ತಟ್ಟೆಗಳು ಸುಮಾರು 20,000 ಎಂದು ಎಣಿಸಲ್ಪಟ್ಟವು. ಆ ಕಾಲದ ತಟ್ಟೆಗಳು ಅರಗಿನಿಂದ ಮಾಡಿದವುಗಳು. ನಮ್ಮ ದೇಶದ ಮರಗಳ ಮೇಲೆ ಕೀಟಗಳು ಕಟ್ಟುವ ಅರಗು ಹಡಗೇರಿ ಹೋಗಿ, ಹಾಡು ತುಂಬಿದ ತಟ್ಟೆಯಾಗಿ ಹಿಂದಿರುಗಿ ಬರುತ್ತಿತ್ತು. ಕೈಜಾರಿದರೆ ಮಡಕೆಯಂತೆ ಒಡೆಯುವ ವಸ್ತು ಅದು. ಒಂದು ಮಗ್ಗುಲಲ್ಲಿ ನಾಲ್ಕು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಯುತ್ತಿತ್ತು.

ಆ ದಿನಗಳಲ್ಲಿ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನು ಲಂಡನಿನಲ್ಲಿ ವಾಸವಾಗಿದ್ದನು. ಆತನು ಮಾಸ್ಕೋ ಪಟ್ಟಣದಲ್ಲಿ, ಜರ್ಮನ್ ಮೂಲದ ಒಂದು ಲೂಥರನ್ ಮನೆತನದಲ್ಲಿ ಹುಟ್ಟಿದವನು. ರಷ್ಯಾ ದೇಶದ ಹಳೆಯ ಪಂಚಾಂಗದ ಪ್ರಕಾರ ಆತನು ಹುಟ್ಟಿದ ದಿನವು 1879ನೆಯ ಇಸವಿ ಡಿಸೆಂಬರ್ 24, ಅಂದರೆ ಕ್ರಿಸ್ಮಸ್ಸಿನ ಹಿಂದಿನ ದಿನವಾಗಿತ್ತು. ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶವನ್ನು ಬಿಟ್ಟು, ಕಡೆಗೆ ಇಂಗ್ಲೆಂಡಿಗೆ ಬಂದು ನೆಲೆಸಿದನು. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಹೃದಯದ ವ್ಯಾಧಿಯೂ ಹಿಡಿಯಿತು. ಆತನು ತನ್ನ ಕೃತಿಗಳನ್ನು ತಾನೇ ನುಡಿಸಿ ತಟ್ಟೆಗಳಲ್ಲಿ ತುಂಬಿಸದೆ ಕಣ್ಣು ಮುಚ್ಚಿದರೆ ಆ ಕೈಯ ನುಡಿಸಾಣಿಕೆ ಆತನ ಸಂಗಡಲೇ ಮಣ್ಣಾಗತಕ್ಕದ್ದಾಗಿತ್ತು.

ಹೀಗಿರಲಾಗಿ, ಎಂದೂ ಕಾಣದ ದೂರದೇಶದಿಂದ ಆತನಿಗೆ ಸಹಾಯ ಬಂದಿತು. ಮಹಾರಾಜರವರು ಮೆಟ್ನರನ ಹೆಸರಿನಲ್ಲಿ ಲಂಡನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಆತನ ಸಂಗೀತವನ್ನು ತಟ್ಟೆಗಳಲ್ಲಿ ತುಂಬಿಸುವ ವೆಚ್ಚವನ್ನು ಹೊತ್ತರು. 1947ನೆಯ ಇಸವಿಯಲ್ಲಿ ಆ ರೋಗಿಯಾದ ಮುದುಕನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಸಂಗಡ ಕೂತು ತನ್ನ ಮೂರು ದೊಡ್ಡ ಕೃತಿಗಳನ್ನು ನುಡಿಸಿದನು. ಅರ್ಧ ಗಂಟೆಗೂ ಮಿಕ್ಕ ಒಂದು ಕೃತಿಯನ್ನು ನಾಲ್ಕು ನಾಲ್ಕು ನಿಮಿಷದ ತುಂಡುಗಳಾಗಿ ನುಡಿಸುವುದು ಆರೋಗ್ಯವಂತನಿಗೂ ಪ್ರಯಾಸ. ಅನಂತರ ಬಿಡಿ ಕೃತಿಗಳನ್ನೂ, ಗಾಯಕಿಯರೊಂದಿಗೆ ಹಾಡುಗಳನ್ನೂ ತುಂಬಿಸಿದನು. ಕೃತಜ್ಞತೆಯಿಂದ ತನ್ನ ಮೂರನೆಯ ಕೃತಿಯನ್ನು ಮೈಸೂರಿನ ಮಹಾರಾಜರವರಿಗೆ ಅರ್ಪಿಸಿದನು. 1951ನೆಯ ಇಸವಿ ನವೆಂಬರ್ 13ರಲ್ಲಿ ತೀರಿಕೊಂಡನು. ಕೆಲವೇ ವರುಷ ತಡವಾಗಿದ್ದರೆ ಆ ತಟ್ಟೆಗಳು ಉಂಟಾಗುತ್ತಿರಲಿಲ್ಲ.

ಮತ್ತೊಂದು ಸಂಗತಿಯುಂಟು. ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನಿಯ ಪ್ರಸಿದ್ಧ ಸಂಗೀತಗಾರನು 1949ರಲ್ಲಿ ಗತಿಸಿದನು. ಆತನ ಕಡೆಯ ನಾಲ್ಕು ಹಾಡುಗಳು 1950ನೆಯ ಇಸವಿ ಮೇ 22ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಾರಿ ಹಾಡಲ್ಪಟ್ಟವು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬಾಕೆ ಹಾಡಿದಳು. ಆ ಸಭೆಗಾಗಿ ಮಹಾರಾಜರವರು 4,800 ಡಾಲರುಗಳ ಹೊಣೆಯನ್ನು ಹೊತ್ತಿದ್ದರು. ತಾವು ಅಲ್ಲಿಗೆ ಹೋಗಲಾಗಲಿಲ್ಲ; ಆ ಸಂಜೆಯ ಗಾನವು ತಟ್ಟೆಗಳಲ್ಲಿ ತುಂಬಿ ಹಡಗಿನ ಮೂಲಕ ಮೈಸೂರಿಗೆ ಬಂದಿತು.

ಅಷ್ಟರಲ್ಲಿ ದೇಶವು ಸ್ವತಂತ್ರವಾಗಿ, ಅರಸುತನವು ಹೋಗಿತ್ತು. ಅವರು 1950ರಿಂದ 1956ರ ವರೆಗೆ ರಾಜಪ್ರಮುಖರಾಗಿಯೂ, ಆಮೇಲೆ ಮೈಸೂರಿನಲ್ಲಿಯೂ ಮದ್ರಾಸಿನಲ್ಲಿಯೂ ರಾಜ್ಯಪಾಲರಾಗಿಯೂ ಸೇವೆ ಮಾಡಿ, 1974ನೆಯ ಇಸವಿ ಸೆಪ್ಟೆಂಬರ್ 23ರಲ್ಲಿ ತೀರಿಕೊಂಡರು. ಮೆಟ್ನರನ ಕೈಯ ಸಂಗೀತವೂ ಲಂಡನಿನ ಆ ಸಂಜೆಯ ಗಾನವೂ ಹೊಸ ರೀತಿಯ ತಟ್ಟೆಗಳಲ್ಲಿ ತಿರಿಗಿ ಪ್ರಕಟವಾಗಿ, ಇಂದಿಗೂ ಕೇಳಲು ದೊರೆಯುತ್ತವೆ.

ಈ ಅರಸರು ನಮ್ಮ ಮತದವರಲ್ಲ. ತಮ್ಮ ಹಿರಿಯರ ಧರ್ಮವನ್ನು ನಿಷ್ಠೆಯಿಂದ ನಡಿಸಿದವರು. ಆದರೂ ತಲಾಂತನ್ನು ಮಣ್ಣಿನಲ್ಲಿ ಹೂಣಿಟ್ಟ ಆಳಿನ ಸಾಮ್ಯವನ್ನು ಬಲ್ಲ ನಾವು ಅವರಿಂದ ಕಲಿಯತಕ್ಕದ್ದುಂಟು. ಇಪ್ಪತ್ತು ಸಾವಿರ ತಟ್ಟೆಗಳನ್ನು ಕೂಡಿಸಿದ್ದು ಐಶ್ವರ್ಯದಿಂದಾಯಿತು; ತನಗೆ ತಪ್ಪಿದ ಭಾಗ್ಯವು ಮತ್ತೊಬ್ಬನ ಕೈಯಲ್ಲಿ ನಷ್ಟವಾಗದಂತೆ ನೋಡಿಕೊಂಡದ್ದು ಹೃದಯದಿಂದಾಯಿತು. ನಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ತಾತನ ಕಾಲದ ಕ್ರಿಸ್ಮಸ್ ತಟ್ಟೆಯೊಂದು ಇದ್ದರೆ, ಈ ಹಬ್ಬದಲ್ಲಿ ಅದನ್ನು ಜೋಕೆಯಿಂದ ಇಳಿಸೋಣ. ಬಾಗಿಲನ್ನು ತೆರೆದಿಟ್ಟು, ಬೀದಿಯವರೂ ಕೇಳುವಂತೆ ನುಡಿಸೋಣ.