ಸೇವಕನಾಗಿ ಉಳಿದ ಮುಂದಾಳು: ಬಿಷಪ್ ಅಜರಯ್ಯ

ಸಿಕಂದರಾಬಾದಿನಿಂದ ವಿಜಯವಾಡಕ್ಕೆ ಹೋಗುವ ರೈಲುದಾರಿಯಲ್ಲಿ ಡೋರ್ನಕಲ್ ಎಂಬ ಜಂಕ್ಷನ್ ಸಿಗುತ್ತದೆ. ಭದ್ರಾಚಲಂ ರೋಡಿನ ಕಡೆಗೆ ಕವಲುದಾರಿ ಹೊರಡುವುದು ಅಲ್ಲಿಂದಲೇ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಲ್ಲಿ ಆ ನಿಲ್ದಾಣವನ್ನು ದಾಟಿದವರು ಹಲವರಿರಬಹುದು. ಇಳಿದು ನೋಡಿದವರು ವಿರಳ. ಅಂದು ನಿಜಾಮರ ಸೀಮೆಯಲ್ಲಿದ್ದು, ಇಂದು ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಗೆ ಸೇರಿರುವ ಆ ಊರಿಗೆ ಪರಭಾಷೆಯ ಮಹನೀಯರೊಬ್ಬರು ಬಂದು, ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ದುಡಿದು, ಅಲ್ಲಿಯೇ ಕಣ್ಮುಚ್ಚಿದರು. ಅವರೇ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರು.

ಅಜರಯ್ಯನವರು ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಆ ಹಳ್ಳಿಯ ಕ್ರೈಸ್ತ ಸಭೆಯ ಪಾದ್ರಿ. ಹುಡುಗ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಪದವಿ ಪಡೆಯದೆಯೇ ಹೊರಬಂದ. 1895ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಸೇರಿ ದಕ್ಷಿಣ ಭಾರತವನ್ನು ಸುತ್ತಿದ ಮೇಲೆ ಆತನಿಗೆ ಒಂದು ಸತ್ಯ ಹೊಳೆಯಿತು: ಪರದೇಶದ ಹಣದಿಂದ ನಡೆಯುವ ಸಭೆ ಎಂದಿಗೂ ಸ್ವಂತ ಕಾಲಮೇಲೆ ನಿಲ್ಲಲಾರದು. 1903ರಲ್ಲಿ ತಿರುನೆಲ್ವೇಲಿಯಲ್ಲಿಯೂ 1905ರ ಕ್ರಿಸ್‌ಮಸ್ ದಿನ ಬಂಗಾಳದ ಸೆರಾಂಪುರದಲ್ಲಿಯೂ ಗೆಳೆಯರೊಡನೆ ಕೂಡಿ ಎರಡು ಸಂಘಗಳನ್ನು ಸ್ಥಾಪಿಸಿದರು. ಕೆಲಸ ಮಾಡುವವರೂ ಭಾರತೀಯರು, ಹಣವೂ ಭಾರತೀಯರದು, ಆಡಳಿತವೂ ಭಾರತೀಯರದು, ಇದೇ ಆ ಸಂಘಗಳ ನಿಯಮ.

ಅನ್ಯರಿಗೆ ಹೇಳಿದ್ದನ್ನು ತಾವು ಆಚರಿಸದಿದ್ದರೆ ಮಾತಿಗೆ ಬೆಲೆಯಿಲ್ಲವೆಂದು ಅವರು ಬಗೆದರು. ದೇಶವಿದೇಶಗಳ ಪರಿಚಯ ತಂದುಕೊಟ್ಟಿದ್ದ ಹುದ್ದೆಯನ್ನು ಬಿಟ್ಟು, 1909ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ಡೋರ್ನಕಲ್ಲಿಗೆ ಬಂದು ತೆಲುಗು ಕಲಿಯತೊಡಗಿದರು.

ಮರುವರ್ಷ, 1910ರ ಜೂನ್ ತಿಂಗಳಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಮಿಷನರಿಗಳ ಜಾಗತಿಕ ಸಮ್ಮೇಳನ ನೆರೆಯಿತು. ಸುಮಾರು 1200 ಪ್ರತಿನಿಧಿಗಳು. ಅವರಲ್ಲಿ ಏಷ್ಯದವರು ಇಪ್ಪತ್ತಕ್ಕಿಂತ ಕಡಿಮೆ. ವಿದೇಶೀಯ ಮಿಷನರಿಗಳಿಗೂ ದೇಶೀಯ ಕೆಲಸಗಾರರಿಗೂ ಇರಬೇಕಾದ ಸಹಕಾರವನ್ನು ಕುರಿತು ಮಾತಾಡಲು ಮೂವತ್ತೈದರ ಪ್ರಾಯದ ಅಜರಯ್ಯನವರು ವೇದಿಕೆ ಏರಿದರು. ಮಿಷನರಿಗಳ ತ್ಯಾಗವನ್ನು ಕೃತಜ್ಞತೆಯಿಂದ ನೆನೆದರು. ಆದರೆ ಹೇಳಬೇಕಾದ ಕಹಿಮಾತನ್ನು ನುಂಗಿಕೊಳ್ಳಲಿಲ್ಲ. ಇಬ್ಬರ ನಡುವೆ ಉಳಿದಿರುವುದು ಸಂಬಳ ಕೊಡುವವನಿಗೂ ಪಡೆಯುವವನಿಗೂ ಇರುವ ಸಂಬಂಧವೆಂದೂ, ಪೋಷಕನೆಂಬ ಗತ್ತು ಬಿಳಿಯರನ್ನು ಬಿಟ್ಟಿಲ್ಲವೆಂದೂ ಬಿಡಿಸಿ ಹೇಳಿದರು. ಕೊನೆಯಲ್ಲಿ ಅವರು ಬೇಡಿದ್ದು ಒಂದನ್ನೇ, ಸ್ನೇಹವನ್ನು. ಸಭೆಯಲ್ಲಿ ಕೆಲವರು ಮುನಿದರು, ಕೆಲವರು ತಲೆತಗ್ಗಿಸಿದರು. ಆ ಸಮ್ಮೇಳನದಲ್ಲಿ ಇಂದಿಗೂ ಜನ ನೆನೆಯುವ ಭಾಷಣ ಅದೇ.

ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನ್ನಂಥವನಿಗೆ ಈ ಪ್ರಸಂಗ ಮನಸ್ಸಿಗೆ ನಾಟುತ್ತದೆ. ಹಣ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಹಣ ತನ್ನದಲ್ಲದಿದ್ದರೂ ಕೌಂಟರಿನ ಹಿಂದೆ ಕುಳಿತವನಿಗೆ ಗತ್ತು ಎಷ್ಟು ಬೇಗ ಬಂದುಬಿಡುತ್ತದೆಂಬುದನ್ನು ನಾನು ನನ್ನಲ್ಲಿಯೇ ಕಂಡು ನಾಚಿದ್ದೇನೆ.

ಅಧಿಕಾರವಿಲ್ಲದವನು ಅಧಿಕಾರಸ್ಥರನ್ನು ಎಚ್ಚರಿಸುವುದು ದೊಡ್ಡದೇ ಸರಿ. ಆ ಗದ್ದುಗೆ ತನಗೇ ಒದಗಿದಾಗ ಆತ ಹೇಗೆ ನಡೆದಾನೆಂಬುದು ಅದಕ್ಕಿಂತ ಕಠಿನವಾದ ಪರೀಕ್ಷೆ. ಅಜರಯ್ಯನವರಿಗೆ ಆ ಪರೀಕ್ಷೆ ಬಹುಬೇಗ ಬಂದಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ದೇವಾಲಯದಲ್ಲಿ ಅವರಿಗೆ ಡೋರ್ನಕಲ್ಲಿನ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರು. ಯೂರೋಪಿಯನ್ನರಲ್ಲಿ ಹಲವರು ವಿರೋಧಿಸಿದರು. ಸ್ವದೇಶದ ಕ್ರೈಸ್ತರಲ್ಲಿಯೂ ಕೆಲವರು ಮೂಗು ಮುರಿದರು.

ಪಟ್ಟವೇರಿದ ಬಿಷಪ್ಪರು ಎತ್ತಿನ ಗಾಡಿಯಲ್ಲಿಯೂ ಬೈಸಿಕಲ್ಲಿನಲ್ಲಿಯೂ ಹಳ್ಳಿಹಳ್ಳಿ ತಿರುಗಿದರು. ಅವರ ಸಭೆಯ ಬಹುಪಾಲು ಜನ ಮಾಲ, ಮಾದಿಗ ಕೇರಿಗಳ ಬಡ ಕೂಲಿಕಾರರು. ಆ ಕೇರಿಗಳ ಮಕ್ಕಳನ್ನೇ ಓದಿಸಿ ಉಪಾಧ್ಯಾಯರನ್ನಾಗಿ, ಪಾದ್ರಿಗಳನ್ನಾಗಿ ಮಾಡಿದರು. ಗಂಡನೊಡನೆ ಹೆಂಡತಿಯೂ ತರಬೇತಿ ಪಡೆಯುವ ಏರ್ಪಾಡಿತ್ತು. ಪತ್ನಿ ಅನ್ಬು ಮರಿಯಮ್ಮಾಳ್ ಈ ಕಾರ್ಯದಲ್ಲಿ ಸಹಧರ್ಮಿಣಿಯೆಂಬ ಮಾತನ್ನು ಸಾರ್ಥಕಗೊಳಿಸಿದರು. ಡೋರ್ನಕಲ್ಲಿನ ದೊಡ್ಡ ದೇವಾಲಯವನ್ನು ಇಂಗ್ಲೆಂಡಿನ ಅಚ್ಚಿನಲ್ಲಿ ಎರಕ ಹೊಯ್ಯದೆ, ಮಸೀದಿಯ ಗುಮ್ಮಟ ಮಿನಾರುಗಳನ್ನೂ ದಕ್ಷಿಣದ ದೇಗುಲಗಳ ಕಂಬಗಳನ್ನೂ ಕೂಡಿಸಿ ಕಟ್ಟಿಸಿದರು. 1939ರಲ್ಲಿ ಅದರ ಪ್ರತಿಷ್ಠೆಯಾಯಿತು.

ಅವರ ಎಲ್ಲ ನಿಲುವುಗಳನ್ನೂ ಎಲ್ಲರೂ ಒಪ್ಪಿದರೆಂದಲ್ಲ. 1930ರ ದಶಕದಲ್ಲಿ ಮತಾಂತರದ ವಿಷಯವಾಗಿ ಗಾಂಧೀಜಿಯವರಿಗೂ ಅವರಿಗೂ ತೀವ್ರ ಭಿನ್ನಾಭಿಪ್ರಾಯವಿದ್ದಿತು. ಆದರೆ ಕ್ರೈಸ್ತರಿಗೆ ಪ್ರತ್ಯೇಕ ಚುನಾವಣಾ ಕ್ಷೇತ್ರಗಳು ಬೇಕೆಂಬ ಕೂಗು ಎದ್ದಾಗ, ದೇಶವನ್ನು ಒಡೆಯುವ ಅನುಕೂಲ ನಮಗೆ ಬೇಡವೆಂದು ನಿರಾಕರಿಸಿದವರಲ್ಲಿ ಅಜರಯ್ಯನವರು ಮುಂದಿದ್ದರು.

1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಮತ್ತೊಂದು ಜಾಗತಿಕ ಸಮ್ಮೇಳನ ಸೇರಿತು. ಈ ಬಾರಿ ಅಜರಯ್ಯನವರು ಅತಿಥೇಯರಲ್ಲಿ ಪ್ರಮುಖರು. ಎಡಿನ್‌ಬರೋದಲ್ಲಿ ಬೆರಳೆಣಿಕೆಯಷ್ಟಿದ್ದ ಏಷ್ಯ, ಆಫ್ರಿಕಗಳಂಥ ನಾಡುಗಳವರು ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿದ್ದರು. ಇಪ್ಪತ್ತೆಂಟು ವರ್ಷಗಳ ಹಿಂದೆ ಬೇಡಿದ್ದು ಪೂರ್ಣವಾಗಿ ಕೈಗೂಡಲಿಲ್ಲವಾದರೂ, ಪಂಕ್ತಿಯಲ್ಲಿ ಎಲೆಯಂತೂ ಬಿದ್ದಿತ್ತು.

1945ರ ಜನವರಿ 1ರಂದು ಡೋರ್ನಕಲ್ಲಿನಲ್ಲಿಯೇ ಅವರು ತೀರಿಕೊಂಡರು. ಅವರು ಬಹುಕಾಲ ಶ್ರಮಿಸಿದ ಸಭೆಗಳ ಐಕ್ಯ 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತ ಸಭೆಯ ಉದಯದೊಡನೆ ನೆರವೇರಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ತಮಿಳರೊಬ್ಬರ ಕಥೆಯೇಕೆ ಎಂದು ವಾಚಕರು ಕೇಳಬಹುದು. ನಾವೂ ಹೊಟ್ಟೆಪಾಡಿಗಾಗಿ ತೆಲುಗು ನೆಲಕ್ಕೆ ಬಂದವರು. ತಾಯ್ನುಡಿಯನ್ನು ಮರೆಯದೆ, ಬಂದ ಊರಿನ ಭಾಷೆಯನ್ನು ಕಲಿತು, ಅಲ್ಲಿನ ಬಡವರ ಕಷ್ಟಕ್ಕೆ ಹೆಗಲು ಕೊಟ್ಟರೆ ಪರಊರು ತವರಾಗುತ್ತದೆ. ನಮ್ಮ ಸಂಘಗಳಲ್ಲಿ ಅಧ್ಯಕ್ಷರ ಕುರ್ಚಿಗೆ ಪೈಪೋಟಿಯುಂಟು. ಸಭೆ ಮುಗಿದ ಮೇಲೆ ಜಮಖಾನೆ ಮಡಿಸುವುದಕ್ಕೆ ಇಲ್ಲ. ಈ ನವೆಂಬರಿನಲ್ಲಿ ಜಮಖಾನೆಯ ಒಂದು ತುದಿಯನ್ನು ಅಧ್ಯಕ್ಷರು ಹಿಡಿಯಲಿ, ಇನ್ನೊಂದನ್ನು ನಾವು ಹಿಡಿಯೋಣ.