ಬೇರೆಯವರ ರೇಡಿಯೋದಲ್ಲಿ ವಿಮಾನ ಹಿಡಿದವರು

ಪುತ್ತೂರು, ಸುಳ್ಯ, ಕಡಬದ ಗುಡ್ಡಗಳ ಮರೆಯಲ್ಲಿ ಬೆಳೆದ ನಮಗೆ ಎಫ್‌ಎಂ ಅಂದ್ರೆ ಅರ್ಧ ಹಾಡು, ಅರ್ಧ ಕರಕರ. ಸಿಗ್ನಲ್ ಮೊದಲೇ ಕಮ್ಮಿ. ಮನೆ ಎದುರು ಬಸ್ ಹೋದರೆ ಹಾಡು ಒಮ್ಮೆ ನಡುಗಿ ಮತ್ತೆ ಸರಿಯಾಗ್ತದೆ. ಅದನ್ನು ನಾವು ಬರೀ ತೊಂದರೆ ಅಂದುಕೊಂಡಿದ್ದೆವು. ಇಂಥದೇ ತೊಂದರೆಯನ್ನು ಕೆಲಸಕ್ಕೆ ಹಚ್ಚಿದವರು ರಾಬರ್ಟ್ ವಾಟ್ಸನ್-ವಾಟ್.

ಅವರು ಹುಟ್ಟಿದ್ದು 1892ರಲ್ಲಿ, ಸ್ಕಾಟ್ಲೆಂಡಿನ ಬ್ರೆಕಿನ್ ಎಂಬ ಸಣ್ಣ ಊರಲ್ಲಿ. ಅಪ್ಪ ಮರದ ಕೆಲಸದವರು. ಡಂಡೀಯಲ್ಲಿ ಎಂಜಿನಿಯರಿಂಗ್ ಓದಿದರು. 1915ರಲ್ಲಿ ಹವಾಮಾನ ಇಲಾಖೆ ಸೇರಿದರು. ಮಿಂಚು ಹೊಡೆದಾಗ ರೇಡಿಯೋದಲ್ಲಿ ಕೇಳುವ ಕರಕರದಿಂದ ಗುಡುಗು-ಮಳೆ ಯಾವ ದಿಕ್ಕಿನಲ್ಲಿದೆ ಅಂತ ಪತ್ತೆ ಮಾಡಿ ಪೈಲಟ್‌ಗಳನ್ನು ಎಚ್ಚರಿಸುವುದು ಅವರ ಕೆಲಸ.

1935ರ ಹೊತ್ತಿಗೆ ಬ್ರಿಟನ್ನಿಗೆ ಬಾಂಬರ್ ವಿಮಾನಗಳ ಭಯ. ರೇಡಿಯೋ ಕಿರಣದಿಂದ ಶತ್ರು ಪೈಲಟ್‌ಗಳನ್ನು ಕೊಲ್ಲಲು ಆಗ್ತದಾ ಅಂತ ಸರ್ಕಾರ ಇವರನ್ನು ಕೇಳಿತು. ಸಹಾಯಕ ಆರ್ನಾಲ್ಡ್ ವಿಲ್ಕಿನ್ಸ್ ಲೆಕ್ಕ ಹಾಕಿ ಆಗುವುದಿಲ್ಲ ಅಂದರು. ಆದರೆ ವಿಮಾನ ಹಾದುಹೋದಾಗ ರೇಡಿಯೋ ಸಿಗ್ನಲ್ ನಡುಗುತ್ತದೆ ಅಂತ ಅಂಚೆ ಇಲಾಖೆಯ ಎಂಜಿನಿಯರುಗಳು ಹೇಳಿದ್ದು ವಿಲ್ಕಿನ್ಸ್‌ಗೆ ನೆನಪಾಯಿತು. ಕೊಲ್ಲಲು ಆಗದಿದ್ದರೂ ಕಂಡುಹಿಡಿಯಬಹುದಲ್ಲ!

1935ರ ಫೆಬ್ರವರಿ 26ರಂದು ಪ್ರಯೋಗ. ಹೊಸ ಟ್ರಾನ್ಸ್‌ಮಿಟರ್ ಕಟ್ಟುವಷ್ಟು ಸಮಯವಿಲ್ಲ. ಡಾವೆಂಟ್ರಿಯ ಬಿಬಿಸಿ ಕೇಂದ್ರದ 49 ಮೀಟರ್ ತರಂಗವನ್ನೇ ಬಳಸಿದರು. ಗದ್ದೆಯಲ್ಲಿ ಒಂದು ವ್ಯಾನು, ಎರಡು ಆಂಟೆನಾ. ಕೇಂದ್ರದಿಂದ ನೇರ ಬರುವ ಸಿಗ್ನಲ್ ಎರಡರಲ್ಲೂ ಒಂದನ್ನೊಂದು ಕಳೆಯುವಂತೆ ಜೋಡಿಸಿದರು. ಉಳಿದದ್ದು ವಿಮಾನಕ್ಕೆ ಬಡಿದು ಬಂದದ್ದು ಮಾತ್ರ. ಸುಮಾರು 13 ಕಿಲೋಮೀಟರ್ ದೂರದವರೆಗೂ ಹೇಫರ್ಡ್ ಬಾಂಬರ್ ಪರದೆಯ ಮೇಲಿನ ಗೆರೆಯನ್ನು ಕುಣಿಸಿತು. ಇವತ್ತು ನಾವು ಪ್ಯಾಸಿವ್ ರೇಡಾರ್ ಅನ್ನುವುದು ಇದನ್ನೇ: ಸಿಗ್ನಲ್ ಬೇರೆಯವರದು, ಕಿವಿ ಮಾತ್ರ ನಮ್ಮದು.

ಆಮೇಲೆ ಸ್ವಂತ ಟ್ರಾನ್ಸ್‌ಮಿಟರ್‌ಗಳಿರುವ ಚೈನ್ ಹೋಮ್ ಕೇಂದ್ರಗಳು ಬ್ರಿಟನ್ನಿನ ಕರಾವಳಿ ಕಾದವು. 1942ರಲ್ಲಿ ವಾಟ್ಸನ್-ವಾಟ್ ಸರ್ ಆದರು. ಹೆಸರೆಲ್ಲ ಅವರಿಗೇ ಬಂತು, ಲೆಕ್ಕ ಹಾಕಿದ ವಿಲ್ಕಿನ್ಸ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಂದೆ ಕೆನಡಾದಲ್ಲಿ ಸ್ಪೀಡಾಗಿ ಕಾರು ಓಡಿಸಿದ ಸರ್ ಸಾಹೇಬರು ಪೊಲೀಸರ ರೇಡಾರ್‌ಗೇ ಸಿಕ್ಕಿಬಿದ್ದ ಕಥೆ ಪ್ರಸಿದ್ಧ. ಅವರು ತೀರಿಕೊಂಡದ್ದು 1973ರಲ್ಲಿ.

ಅವರ ಲೆಕ್ಕವನ್ನು ನಮ್ಮ ರಸ್ತೆಗೆ ತಂದರೆ? 100 ಮೆಗಾಹರ್ಟ್ಸ್ ಎಫ್‌ಎಂ ತರಂಗದ ಉದ್ದ 3 ಮೀಟರ್. ಗಂಟೆಗೆ 54 ಕಿಲೋಮೀಟರ್ ವೇಗದ ಬಸ್ಸು ಕೊಡುವ ಡಾಪ್ಲರ್ ಬದಲಾವಣೆ ಹೆಚ್ಚೆಂದರೆ 10 ಹರ್ಟ್ಸ್. ಗುಡ್ಡ, ಮನೆ ನಿಂತಲ್ಲೇ ಇರುವುದರಿಂದ ಅವುಗಳದ್ದು ಸೊನ್ನೆ. ಹಾಗಾಗಿ ಬಸ್ಸನ್ನು ಬೇರೆ ಮಾಡಬಹುದು. ಆದರೆ ಕಡಬ, ಸುಬ್ರಹ್ಮಣ್ಯ ಕಡೆ ರಾತ್ರಿ ರಸ್ತೆಗೆ ಇಳಿಯುವ ಆನೆ? ಗಂಟೆಗೆ 5.4 ಕಿಲೋಮೀಟರ್ ನಡೆದರೆ ಬರೀ 1 ಹರ್ಟ್ಸ್. ಗಾಳಿಗೆ ಅಲ್ಲಾಡುವ ಕೊಂಬೆಗಳೂ ಸುಮಾರು ಅಷ್ಟೇ. ಕೊಂಬೆ ಯಾವುದು, ಆನೆ ಯಾವುದು ಅಂತ ಬೇರೆ ಮಾಡಿದರೆ ಬೆಳಗ್ಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರಿಗೆ ಮೊದಲೇ ಎಚ್ಚರಿಕೆ ಕೊಡಬಹುದು. ಪ್ರಾಜೆಕ್ಟ್ ಟಾಪಿಕ್ ಹುಡುಕುವ ನಮಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇಕಾ?