ಧರ್ಮಪ್ರವರ್ತ ಗುಬ್ಬಿ ತೋಟದಪ್ಪ

ಯಾವ ಮಗುವೂ ತನ್ನ ತಂದೆತಾಯಿಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಒಂದು ಮಗುವಿಗೆ ಬೆಚ್ಚನೆಯ ಮನೆ, ಹೊಟ್ಟೆ ತುಂಬ ಊಟ, ಅಕ್ಕರೆಯಿಂದ ಓದಿಸುವ ಹಿರಿಯರು ಹುಟ್ಟಿನೊಡನೆಯೇ ದೊರೆಯುತ್ತಾರೆ. ಇನ್ನೊಂದಕ್ಕೆ ಇವಾವುವೂ ಇಲ್ಲ. ಈ ಅಂತರವನ್ನು ಕೈಲಾದಷ್ಟು ತಗ್ಗಿಸಲೆತ್ನಿಸಿದ ಮಹನೀಯರಲ್ಲಿ ಗುಬ್ಬಿ ತೋಟದಪ್ಪನವರು ಒಬ್ಬರು.

ತೋಟದಪ್ಪನವರು 1838ರಲ್ಲಿ ಇಂದಿನ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದರು. ಅವರ ಮನೆತನದವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ತೊಡಗಿದರು. ವ್ಯಾಪಾರ ಕೈಹಿಡಿಯಿತು, ಸಂಪತ್ತು ಬೆಳೆಯಿತು. ಆದರೆ ಅವರಿಗೆ ಮಕ್ಕಳಿರಲಿಲ್ಲ. ತಂದೆಯ ಗಳಿಕೆ ಮಗನಿಗೆ ಸಲ್ಲುವುದು ಲೋಕರೂಢಿ. ತೋಟದಪ್ಪನವರಾದರೋ ತಮ್ಮ ಗಳಿಕೆಯನ್ನು ದಾರಿಹೋಕರಿಗೂ ಪರರ ಮಕ್ಕಳಿಗೂ ಮುಡಿಪಾಗಿಡಲು ನಿಶ್ಚಯಿಸಿದರು.

1897ರಲ್ಲಿ ಅವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ನಿವೇಶನವನ್ನು ಕೊಂಡು ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಛತ್ರದ ಬಾಗಿಲು ಎಲ್ಲ ಮತದವರಿಗೂ ತೆರೆದಿತ್ತು. ಇದರೊಡನೆ ಉಚಿತ ವಿದ್ಯಾರ್ಥಿನಿಲಯವೂ ಆರಂಭವಾಯಿತು. ಬುದ್ಧಿಯಿದ್ದೂ ಪಟ್ಟಣದಲ್ಲಿ ತಲೆಯಿಡಲು ನೆಲೆಯಿಲ್ಲದ ಹಳ್ಳಿಯ ಹುಡುಗನಿಗೆ ಅಂಥ ನಿಲಯವೇ ವಿದ್ಯೆಯ ಹೆಬ್ಬಾಗಿಲು. ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನೂ ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಪದವಿಯನ್ನೂ ನೀಡಿದುವು. ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, 1910ರಲ್ಲಿ ಅವರು ಕಾಲವಾದರು.

ವಿದ್ಯಾರ್ಥಿನಿಲಯವು ಅವರ ಸಮುದಾಯವಾದ ವೀರಶೈವರ ಮಕ್ಕಳಿಗೆ ಮೀಸಲಾಗಿತ್ತು. ಒಬ್ಬ ದಾನಿಯ ಕೈ ಎಷ್ಟೇ ಉದಾರವಾದರೂ ನಾಡಿನ ಎಲ್ಲ ಮಕ್ಕಳನ್ನೂ ಮುಟ್ಟಲಾರದು. ಹಿಂದುಳಿದವರೆಲ್ಲರ ಅವಕಾಶಗಳನ್ನು ವಿಚಾರಿಸಲು ಮೈಸೂರು ಸರ್ಕಾರವು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು.

ವಿಜ್ಞಾನವು ಇಂದು ವಂಶವಾಹಿಗಳನ್ನೇ ತಿದ್ದುವಷ್ಟು ಮುಂದುವರಿದಿದೆ. ಹೀಗೆ ತಿದ್ದಿದ ಶಿಶುಗಳು ಚೀನಾದಲ್ಲಿ ಹುಟ್ಟಿದ ವಾರ್ತೆ 2018ರಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿತು. ಮುಂದೆ ಸಿರಿವಂತರು ತಮ್ಮ ಮಕ್ಕಳಿಗೆ ಬುದ್ಧಿಬಲವನ್ನೂ ಹಣ ತೆತ್ತು ಪಡೆದರೆ ಅದು ನ್ಯಾಯವೇ ಎಂದು ಜನ ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಮನೆಪಾಠ, ಪುಸ್ತಕ, ಒಳ್ಳೆಯ ಶಾಲೆ ಇವೂ ಹಣವುಳ್ಳವರಿಗೇ ಸುಲಭವಾಗಿ ಒದಗುವಾಗ ಅದೇ ಪ್ರಶ್ನೆಯನ್ನು ಕೇಳುವವರು ವಿರಳ. ಒಂದು ಭೇದವಂತೂ ಉಂಟು: ಹುಟ್ಟುವ ಮುನ್ನ ಒಂದು ಶಿಶುವಿನ ಒಡಲಲ್ಲಿ ಸೇರಿಸಿದ ಗುಣವನ್ನು ನೆರೆಮನೆಯ ಮಗುವಿನೊಡನೆ ಹಂಚಿಕೊಳ್ಳಲಾಗದು, ಅನ್ನ, ಆಶ್ರಯ, ವಿದ್ಯೆಗಳನ್ನು ಹಂಚಬಹುದು.

ತೋಟದಪ್ಪನವರ ಹುಟ್ಟೂರಿನ ತಾಲ್ಲೂಕಿಗೇ ಸೇರಿದ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೊಂದು ಉದ್ಘಾಟನೆಗೊಂಡಿತು. ಅಂಥ ಕಾರ್ಖಾನೆಯಲ್ಲಿ ದುಡಿಯಲು ವಿದ್ಯೆ ಬೇಕು. ಬಡವರ ಮಗುವಿಗೆ ಆ ವಿದ್ಯೆ ದಕ್ಕಲು ಊಟ, ವಸತಿಗಳ ಆಸರೆ ಬೇಕು. ತೋಟದಪ್ಪನವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡುಕೊಂಡ ಸತ್ಯವಿದು.